ಅಕ್ಷರಗುಂಡು ಬೇಡ, ಅಕ್ಷರ ಕಳಿಸಿ

(ದಾವಣಗೆರೆಯಲ್ಲಿ ಶಿಕ್ಷಕರು, ಗ್ರಂಥಪಾಲಕರು ಮತ್ತು ಕಚೇರಿ ಸಿಬ್ಬಂದಿಯ ಮುಂದೆ ಆಡಿದ ಮಾತಿನ ಬರಹ ರೂಪ)

ಮೊದಲು ಎಲ್ಲರೂ ನಿಮ್ಮ ನಿಮ್ಮ ಫೋನ್ ತೆಗೆಯಿರಿ. ವಾಟ್ಸಾಪ್‌ನಲ್ಲಿ ನಿಮಗೆ ಕೊನೆಗೆ ಬಂದ ಪಿಡಿಎಫ್ ಯಾವುದು, ಹುಡುಕಿ. ಅದನ್ನು ತೆರೆದು ಯಾವುದಾದರೂ ಒಂದು ಪದದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಪದಕ್ಕೆ ಬಣ್ಣ ಬಂತಾ? ಕಾಪಿ ಅಂತ ಕೇಳ್ತಾ? ಬಂದವರು ಕೈ ಎತ್ತಿ. ನನಗೆ ಇಲ್ಲಿಂದ ಆರೇಳು ಕೈ ಕಾಣುತ್ತಿವೆ. ಉಳಿದವರ ಫೋನಿನಲ್ಲಿ ಇರುವುದು ಪತ್ರದ ಫೋಟೊ. ಹೆಸರು ಮಾತ್ರ ಪಿಡಿಎಫ್.

ಈ ಒಂದು ಪರೀಕ್ಷೆಯನ್ನು ನನಗೆ ಕಲಿಸಿದ್ದು ನನ್ನ ವಿದ್ಯಾರ್ಥಿ. ನಾನು ಪದವಿ ತರಗತಿಗೆ ಇತಿಹಾಸ ಪಾಠ ಮಾಡುವವಳು. ಕೆಲವು ವರ್ಷಗಳ ಹಿಂದೆ ಹೊಳಲ್ಕೆರೆ ಕಡೆಯಿಂದ ಒಬ್ಬ ಹುಡುಗ ನನ್ನ ತರಗತಿಗೆ ಬಂದ. ಅವನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ತುಂಬ ಚುರುಕು. ಮೊದಲ ತಿಂಗಳು ಮುಗಿಯುವಾಗ ನಾನು ಎಲ್ಲರಿಗೂ ನೋಟ್ಸ್ ಕಳಿಸಿದೆ. 42 ಪುಟ. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ, ಪ್ರಿಂಟ್ ತೆಗೆಸಿ, ನಾನೇ ಕೂತು ಸ್ಕ್ಯಾನ್ ಮಾಡಿದ್ದು. ಎರಡು ದಿನ ಬಿಟ್ಟು ಅವನು ಸ್ಟಾಫ್ ರೂಮಿಗೆ ಬಂದು ಮೆಲ್ಲಗೆ ಹೇಳಿದ: "ಮೇಡಂ, ನೀವು ಕಳಿಸಿದ ಫೈಲಿನಲ್ಲಿ ಏನೂ ಇಲ್ಲ. ಪುಟ ಒಂದು, ಪುಟ ಎರಡು ಅಂತ ಹೇಳ್ತದೆ, ಅಷ್ಟೇ."

ಫೈಲ್ ಸರಿಯಾಗಿ ಹೋಗಿಲ್ಲ ಅಂದುಕೊಂಡು ಮತ್ತೆ ಕಳಿಸಿದೆ. ಮತ್ತೂ ಅದೇ. ಆಗ ಅವನು ತನ್ನ ಫೋನನ್ನೇ ನನ್ನ ಕೈಗೆ ಕೊಟ್ಟು ಕೇಳಿಸಿದ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಅಂತ ಇದೆ. ಪರದೆಯ ಮೇಲೆ ಇರುವುದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಆ ನಲವತ್ತೆರಡು ಪುಟವನ್ನೂ ಅದು ಒಂದು ನಿಮಿಷದೊಳಗೆ ಮುಗಿಸಿಬಿಟ್ಟಿತು. ಓದಲು ಅದಕ್ಕೆ ಅಕ್ಷರವೇ ಸಿಗಲಿಲ್ಲ. ಅವನು ಎರಡು ರಾತ್ರಿ ಹಾಸ್ಟೆಲಿನ ಗೆಳೆಯನಿಂದ ಆ ನೋಟ್ಸ್ ಓದಿಸಿ ರೆಕಾರ್ಡ್ ಮಾಡಿಕೊಂಡಿದ್ದ. ಪರೀಕ್ಷೆ ಹತ್ತಿರ ಬಂದರೆ ಆ ಗೆಳೆಯನೂ ಓದಿಕೊಳ್ಳಬೇಕಲ್ವಾ? ಈ ಹುಡುಗನಿಗಾದರೂ ಎಷ್ಟು ಸಲ ಕೇಳಲು ಮನಸ್ಸು ಬಂದೀತು?

ಆವತ್ತಿನಿಂದ ನಾನು ಇದನ್ನು ಕಲಿಯಲು ಕೂತೆ. ಇವತ್ತು ಹೇಳುತ್ತಿರುವುದು ಕಲಿತು, ಮಾಡಿ ನೋಡಿದ್ದು.

ಇಲ್ಲಿ ಇತಿಹಾಸದ ಮಾತು ಸ್ವಲ್ಪ ಬರುತ್ತದೆ, ಕೇಳಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ನಿಮ್ಮಲ್ಲಿ ಹಲವರು ಹೋಗಿರುತ್ತೀರಿ. ಅಲ್ಲಿ ಅಶೋಕನ ಶಾಸನ ಕೊರೆದ ಬಂಡೆ ಇದೆ. ತಂದೆ ತಾಯಿಯ ಸೇವೆ ಮಾಡಿ, ಸತ್ಯ ಹೇಳಿ, ಗುರುವನ್ನು ಗೌರವಿಸಿ ಅಂತ ಜನರಿಗೆ ಹೇಳಿದ ಮಾತು ಅದರಲ್ಲಿದೆ. ಊರಿನವರು ಆ ಬಂಡೆಯನ್ನು ಏನಂತ ಕರೆಯುತ್ತಿದ್ದರು ಗೊತ್ತಾ? ಅಕ್ಷರಗುಂಡು. ಇದರ ಮೇಲೆ ಅಕ್ಷರ ಇದೆ ಅನ್ನುವುದು ಅವರಿಗೆ ಗೊತ್ತಿತ್ತು. ಏನು ಬರೆದಿದೆ ಅನ್ನುವುದು ಗೊತ್ತಿರಲಿಲ್ಲ. ಬ್ರಾಹ್ಮಿ ಲಿಪಿಯನ್ನು ಓದುವ ದಾರಿಯನ್ನು ಜೇಮ್ಸ್ ಪ್ರಿನ್ಸೆಪ್ ಕಂಡುಕೊಂಡದ್ದು 1837ರ ಹೊತ್ತಿಗೆ. ಶಾಸನತಜ್ಞ ಬಿ. ಎಲ್. ರೈಸ್ ಈ ಬ್ರಹ್ಮಗಿರಿಯ ಶಾಸನವನ್ನು ಗುರುತಿಸಿದ್ದು 1890ರ ದಶಕದ ಆರಂಭದಲ್ಲಿ. ಎರಡು ಸಾವಿರ ವರ್ಷಕ್ಕೂ ಜಾಸ್ತಿ ಮಳೆ ಗಾಳಿಗೆ ಕಲ್ಲು ಜಗ್ಗಲಿಲ್ಲ. ಆದರೆ ಆ ಲಿಪಿ ಮರೆತುಹೋದ ಮೇಲೆ ಮಾತು ಯಾರಿಗೂ ತಲುಪಲಿಲ್ಲ.

ನನ್ನ ನಲವತ್ತೆರಡು ಪುಟ ಆ ಹುಡುಗನಿಗೆ ಅಕ್ಷರಗುಂಡು ಆಗಿತ್ತು. ಅಕ್ಷರ ಇದೆ ಅಂತ ಗೊತ್ತು. ಓದಲು ಆಗದು.

ಈಗ ನಮ್ಮ ಕಚೇರಿಗಳಲ್ಲಿ ಒಂದು ಸುತ್ತೋಲೆ ಹೇಗೆ ಹುಟ್ಟುತ್ತದೆ ನೋಡಿ. ಯಾರೋ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾರೆ. ಆ ಗಳಿಗೆಯಲ್ಲಿ ಅಲ್ಲಿ ನಿಜವಾದ ಅಕ್ಷರ ಇದೆ. ಆಮೇಲೆ ಪ್ರಿಂಟ್. ಸಹಿ, ಸೀಲು. ಅದರ ಫೋಟೊ. ಫೋಟೊವನ್ನು ಪಿಡಿಎಫ್ ಮಾಡಿ ಗ್ರೂಪಿಗೆ ಹಾಕುತ್ತಾರೆ. ಇನ್ನೊಬ್ಬರು ಅದರ ಸ್ಕ್ರೀನ್‌ಶಾಟ್ ತೆಗೆದು ಬೇರೆ ಗ್ರೂಪಿಗೆ ಹಾಕುತ್ತಾರೆ. ಕೊನೆಗೆ ಹಳ್ಳಿಯ ಪಾಲಕರಿಗೆ ಸಿಗುವುದು ಓರೆಯಾದ, ಮಸುಕಾದ ಚಿತ್ರ. ತಾರೀಖಿನ ಮೇಲೇ ಸೀಲು ಬಿದ್ದಿರುತ್ತದೆ. ಕಣ್ಣು ಚೆನ್ನಾಗಿ ಇರುವವರೂ ಹಿಗ್ಗಿಸಿ ಹಿಗ್ಗಿಸಿ ಓದಬೇಕು.

ಸಹಿ, ಸೀಲು ಬೇಡ ಅಂತ ನಾನು ಹೇಳುವುದಿಲ್ಲ. ಕಡತಕ್ಕೆ ಅದು ಬೇಕು. ಆದರೆ ಅದರ ಜೊತೆ ಟೈಪ್ ಮಾಡಿದ ಮೂಲ ಫೈಲನ್ನೂ ಕಳಿಸಿ. ನಾಲ್ಕು ಸಾಲಿನ ಸುತ್ತೋಲೆ ಆದರೆ ಆ ನಾಲ್ಕು ಸಾಲನ್ನು ವಾಟ್ಸಾಪ್ ಮೆಸೇಜಿನಲ್ಲೇ ಹಾಕಿಬಿಡಿ. ಅದಕ್ಕಿಂತ ಸುಲಭವಾಗಿ ಎಲ್ಲರಿಗೂ ತಲುಪುವ ರೂಪ ಬೇರೆ ಇಲ್ಲ. ಟಾಕ್‌ಬ್ಯಾಕ್ ಓದುತ್ತದೆ, ಅಜ್ಜಿ ಅಕ್ಷರ ದೊಡ್ಡದು ಮಾಡಿಕೊಳ್ಳುತ್ತಾರೆ, ಆರು ತಿಂಗಳು ಬಿಟ್ಟು ಹುಡುಕಿದರೂ ಸಿಗುತ್ತದೆ.

ಸ್ಕ್ಯಾನ್ ಬಿಟ್ಟು ಟೈಪ್ ಮಾಡಿದ ಫೈಲನ್ನೇ ಕಳಿಸಿದರೆ ಮುಗಿಯಿತಾ? ಕನ್ನಡದಲ್ಲಿ ಮುಗಿಯುವುದಿಲ್ಲ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಬೇರೆ ಕಡೆಯ ತರಬೇತಿಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಆ ಹುಡುಗ ಏನೂ ಇಲ್ಲ ಅಂದ ಮೇಲೆ ನಾನು ಡಿಟಿಪಿ ಅಂಗಡಿಗೆ ಹೋಗಿ ಮೂಲ ಫೈಲ್ ತಂದೆ. ವರ್ಡ್ ಫೈಲ್. ಅವನಿಗೆ ಕಳಿಸಿದೆ. ಈ ಸಲ ಫೋನ್ ಓದಿತು. ಆದರೆ ಓದಿದ್ದು ಇಂಗ್ಲಿಷ್ ಅಕ್ಷರಗಳನ್ನು, ಮಧ್ಯೆ ಮಧ್ಯೆ "ಪೌಂಡ್" ಅಂತ. ನನ್ನ ಕಣ್ಣಿಗೆ ಪರದೆಯ ಮೇಲೆ ಚೆಂದದ ಕನ್ನಡ ಕಾಣುತ್ತಿತ್ತು!

ಆ ಫೈಲ್ ಹಳೆಯ ನುಡಿ ಫಾಂಟಿನಲ್ಲಿ ಇತ್ತು. ಹಳೆಯ ನುಡಿ, ಹಳೆಯ ಬರಹ ಇವೆಲ್ಲ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟುಗಳು. "ಕನ್ನಡ" ಅಂತ ಟೈಪ್ ಮಾಡಿದರೆ ಕಂಪ್ಯೂಟರಿನ ಒಳಗೆ ಅದು ಒಂದು ಇಂಗ್ಲಿಷ್ ಪಿ, ತಲೆಯ ಮೇಲೆ ಗೆರೆ ಇರುವ ಒಂದು ಎ, ಆಮೇಲೆ ಪೌಂಡ್ ಚಿಹ್ನೆ, ಹೀಗೆ ಉಳಿಯುತ್ತದೆ. ಕಣ್ಣಿಗೆ ಮಾತ್ರ ಕನ್ನಡ. ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಕಣ್ಣಿಗೂ ಕನ್ನಡ ಅಲ್ಲ, ಬರೀ ಗೋಜಲು. ನೀವೆಲ್ಲ ನೋಡಿರುತ್ತೀರಿ.

ಆ ಕಾಲಕ್ಕೆ ಆ ಫಾಂಟುಗಳು ನಮಗೆ ದೊಡ್ಡ ಉಪಕಾರ ಮಾಡಿದವು. ಕನ್ನಡವನ್ನು ಕಂಪ್ಯೂಟರಿಗೆ ತಂದವರ ಶ್ರಮವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಯೂನಿಕೋಡ್ ಬಂದ ಮೇಲೆ ಕನ್ನಡದ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಸಿಕ್ಕಿದೆ. ಕ ಅಂದರೆ ಯಾವ ಫೋನಿನಲ್ಲೂ, ಯಾವ ದೇಶದಲ್ಲೂ ಕ. ಟಾಕ್‌ಬ್ಯಾಕ್‌ನಂಥ ಸ್ಕ್ರೀನ್ ರೀಡರ್ ಓದುವುದು, ಹುಡುಕಾಟದಲ್ಲಿ ಸಿಗುವುದು, ಬ್ರೈಲ್‌ಗೆ ಬದಲಾಗುವುದು ಎಲ್ಲಕ್ಕೂ ಬುನಾದಿ ಅದೇ. ಈಗಿನ ನುಡಿಯಲ್ಲೂ ಯೂನಿಕೋಡ್ ಇದೆ. ಟೈಪ್ ಮಾಡುವ ಕೀಲಿಗಳು ಬದಲಾಗುವುದಿಲ್ಲ, ಆಯ್ಕೆ ಮಾತ್ರ ಬದಲಿಸಬೇಕು. ಹಳೆಯ ಫೈಲುಗಳನ್ನು ಬದಲಿಸಿಕೊಡುವ ಕನ್ವರ್ಟರುಗಳಿವೆ. ಡಿಟಿಪಿ ಅಂಗಡಿಯವರಿಗೆ "ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಕೊಡಿ ಅಣ್ಣ" ಅಂತ ಮೊದಲೇ ಹೇಳಿ. ನನ್ನ ಅಂಗಡಿಯವರು ಈಗ ಕೇಳದೆಯೇ ಹಾಗೆ ಮಾಡುತ್ತಾರೆ.

ಇನ್ನೊಂದು ಸಣ್ಣ ಸಂಗತಿ. ಕೆಲವರು ಸೊನ್ನೆ ಹಾಕಬೇಕಾದ ಕಡೆ, ಅಂದರೆ ಅನುಸ್ವಾರದ ಜಾಗದಲ್ಲಿ, ಕನ್ನಡ ಅಂಕಿಯ ಸೊನ್ನೆಯನ್ನು ಒತ್ತುತ್ತಾರೆ. ನೋಡಲು ಎರಡೂ ಒಂದೇ. ಸ್ಕ್ರೀನ್ ರೀಡರಿಗೆ ಅದು ಅಂಕಿ. ಪದ ಅಲ್ಲೇ ಒಡೆದುಹೋಗುತ್ತದೆ.

ಈಗ ಪಿಡಿಎಫ್ ವಿಷಯಕ್ಕೆ ಬರೋಣ. ಅಡೋಬಿ ಕಂಪನಿ ಅದನ್ನು ಹೊರತಂದದ್ದು 1993ರಲ್ಲಿ. ಯಾವ ಯಂತ್ರದಲ್ಲಿ ತೆರೆದರೂ, ಯಾವ ಪ್ರಿಂಟರಿಗೆ ಕೊಟ್ಟರೂ ಪುಟ ಹಾಗೇ ಇರಬೇಕು ಅನ್ನುವುದು ಅದರ ಉದ್ದೇಶ. ಅಂದರೆ ಅದು ಕಾಗದದ ಮೇಲೆ ಕಣ್ಣಿಟ್ಟು ಹುಟ್ಟಿದ್ದು. ನಮ್ಮ ಜನ ಓದುವುದು ಅಂಗೈ ಅಗಲದ ಫೋನಿನಲ್ಲಿ. ಎ4 ಪುಟವನ್ನು ಅದರಲ್ಲಿ ಹಿಗ್ಗಿಸಿದರೆ ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೆಯಬೇಕು. ದೃಷ್ಟಿ ಮಂದ ಆದವರಿಗೆ, ಕೈ ನಡುಗುವವರಿಗೆ ಅದು ದೊಡ್ಡ ಹಿಂಸೆ.

ಕನ್ನಡಕ್ಕೆ ಇನ್ನೂ ಒಂದು ತೊಂದರೆ ಇದೆ. ಪಿಡಿಎಫ್ ಒಳಗೆ ಅಕ್ಷರಗಳು ಬರೆದ ಕ್ರಮಕ್ಕಿಂತ ಕಾಣುವ ಕ್ರಮದಲ್ಲಿ ಕೂತಿರುತ್ತವೆ. ನಮ್ಮ ಅರ್ಕಾವೊತ್ತು ನೋಡಿ. "ಅರ್ಜಿ" ಅನ್ನುವಾಗ ಬಾಯಲ್ಲಿ ಮೊದಲು ಬರುವುದು ರ್, ಆಮೇಲೆ ಜಿ. ಕಾಗದದ ಮೇಲೆ ಮೊದಲು ಜಿ, ಪಕ್ಕದಲ್ಲಿ ಅರ್ಕಾವೊತ್ತು. ಅದಕ್ಕೇ ಎಷ್ಟೋ ಪಿಡಿಎಫ್‌ಗಳಿಂದ ಕಾಪಿ ಮಾಡಿದರೆ ಅದು "ಅಜಿರ್" ಆಗುತ್ತದೆ. ವರ್ಷ ಹೋಗಿ "ವಷರ್". ಕರ್ನಾಟಕ ಹೋಗಿ "ಕನಾರ್ಟಕ". ಸರ್ಕಾರ ಹೋಗಿ "ಸಕಾರ್ರ". ಕಣ್ಣಿಗೆ ಎಲ್ಲ ಸರಿ ಇದೆ, ಕಿವಿಗೆ ಹೀಗೆ ಕೇಳುತ್ತದೆ. ಒಂದು ಪುಟದಲ್ಲಿ ಇಂಥದು ಮೂವತ್ತು ಸಲ ಬಂದರೆ ಕೇಳುವವರ ತಲೆ ಏನಾಗಬೇಕು?

ಆದ್ದರಿಂದ ಎರಡನೇ ಪರೀಕ್ಷೆ ಇದು. ಪಿಡಿಎಫ್‌ನಿಂದ ಒಂದು ಪ್ಯಾರಾ ಕಾಪಿ ಮಾಡಿ, ನೋಟ್‌ಪ್ಯಾಡಿಗೋ ವಾಟ್ಸಾಪಿಗೋ ಅಂಟಿಸಿ ಓದಿ. ಅರ್ಕಾವೊತ್ತು, ಒತ್ತಕ್ಷರ ನೆಟ್ಟಗಿದ್ದರೆ ಆ ಪಿಡಿಎಫ್ ಪರವಾಗಿಲ್ಲ. ಇಲ್ಲದಿದ್ದರೆ ವರ್ಡ್ ಫೈಲೇ ಕೊಡಿ.

ನನ್ನ ಅಭಿಪ್ರಾಯ ಕೇಳಿದರೆ, ಕನ್ನಡದ ನೋಟ್ಸಿಗೆ ಮೊದಲ ಆಯ್ಕೆ ಯೂನಿಕೋಡ್‌ನಲ್ಲಿರುವ ವರ್ಡ್ ಫೈಲ್. ಉದ್ದದ ಓದಿಗೆ, ಅಧ್ಯಾಯ ಅಧ್ಯಾಯವಾಗಿ ಇರುವ ಪಠ್ಯಕ್ಕೆ ಇಪಬ್, ಅಂದರೆ ಇ-ಪುಸ್ತಕದ ಫೈಲ್. ಇಪಬ್‌ನಲ್ಲಿ ಪುಟದ ಅಗಲ ಅನ್ನುವುದೇ ಇಲ್ಲ. ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವಾಗಿ ಪರದೆಗೆ ಹೊಂದಿಕೊಳ್ಳುತ್ತವೆ. ಗೂಗಲ್ ಡಾಕ್ಸ್‌ನಲ್ಲಿ ಡೌನ್‌ಲೋಡ್ ಒತ್ತಿದರೆ ಇಪಬ್ ಆಯ್ಕೆ ಅಲ್ಲೇ ಇದೆ. ಉಚಿತವಾದ ಲಿಬ್ರೆಆಫೀಸ್‌ನಲ್ಲೂ ಇದೆ. ಪಿಡಿಎಫ್ ಪ್ರಿಂಟಿಗೆ, ದಾಖಲೆಗೆ. ಪಿಡಿಎಫ್ ಮಾಡಲೇಬೇಕಾದರೆ ವರ್ಡ್‌ನಿಂದ "ಪ್ರಿಂಟ್ ಟು ಪಿಡಿಎಫ್" ಮಾಡಬೇಡಿ, "ಸೇವ್ ಆ್ಯಸ್" ಮಾಡಿ. ಪ್ರಿಂಟ್ ದಾರಿಯಲ್ಲಿ ಹೋದರೆ ಇದು ಹೆಡ್ಡಿಂಗ್, ಇದು ಪಟ್ಟಿ, ಇದು ಟೇಬಲ್ ಅನ್ನುವ ಒಳಗುರುತುಗಳು ಅಳಿಸಿಹೋಗುತ್ತವೆ.

ಒಳಗುರುತು ಅಂದೆ. ಅದೇನು? ನೀವು ನಲವತ್ತು ಪುಟದ ನೋಟ್ಸಿನಲ್ಲಿ ನಾಲ್ಕನೇ ಅಧ್ಯಾಯ ಹುಡುಕಬೇಕು. ಪುಟ ತಿರುವುತ್ತಾ ದಪ್ಪ ಅಕ್ಷರ ಎಲ್ಲಿದೆ ಅಂತ ಕಣ್ಣಾಡಿಸುತ್ತೀರಿ. ಕಣ್ಣಾಡಿಸಲು ಆಗದವರು ಏನು ಮಾಡಬೇಕು? ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅಂತ ಒಂದು ಸ್ಕ್ರೀನ್ ರೀಡರ್ ಇದೆ. ದುಡ್ಡು ಕೊಡಬೇಕಾಗಿಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಇದನ್ನು ಶುರು ಮಾಡಿದರು, ಜೇಮ್ಸ್ ಟೆ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ತಮ್ಮಂಥವರು ದುಬಾರಿ ಸಾಫ್ಟ್‌ವೇರ್ ಕೊಳ್ಳಲಾಗದೆ ಹಿಂದೆ ಉಳಿಯಬಾರದು ಅಂತ ಮಾಡಿ ಜಗತ್ತಿಗೇ ಕೊಟ್ಟರು. ಅದರಲ್ಲಿ ಎಚ್ ಕೀಲಿ ಒತ್ತಿದರೆ ಮುಂದಿನ ಹೆಡ್ಡಿಂಗಿಗೆ ಹಾರಬಹುದು. ವರ್ಡ್ ಫೈಲಿನಲ್ಲಾದರೆ ಮೊದಲು ಬ್ರೌಸ್ ಮೋಡ್ ಹಾಕಿಕೊಳ್ಳಬೇಕು, ಆಗ ಎಚ್ ಒತ್ತಿದರೆ ಅಕ್ಷರ ಟೈಪ್ ಆಗುವುದಿಲ್ಲ, ಅಷ್ಟೇ. ಆದರೆ ನೀವು ಹೆಡ್ಡಿಂಗನ್ನು ಸುಮ್ನೆ ಬೋಲ್ಡ್ ಮಾಡಿ ದೊಡ್ಡದು ಮಾಡಿದ್ದರೆ ಅದು ಹಾರುವುದಿಲ್ಲ. ವರ್ಡ್‌ನ ಹೋಮ್ ಟ್ಯಾಬಿನಲ್ಲಿ ಸ್ಟೈಲ್ಸ್ ಅಂತ ಇದೆ. ಅಲ್ಲಿ ಹೆಡ್ಡಿಂಗ್ 1, ಹೆಡ್ಡಿಂಗ್ 2 ಆರಿಸಿ. ಅಷ್ಟೇ ಕೆಲಸ. ಪರಿವಿಡಿಯೂ ತಾನಾಗೇ ತಯಾರಾಗುತ್ತದೆ, ಅದು ನಿಮಗೆ ಲಾಭ.

ಪರೀಕ್ಷೆಯ ವೇಳಾಪಟ್ಟಿಯನ್ನು ಸ್ಪೇಸ್ ಒತ್ತಿ ಒತ್ತಿ ಜೋಡಿಸಬೇಡಿ. ಟೇಬಲ್ ಹಾಕಿ, ಮೇಲಿನ ಸಾಲು ಹೆಡರ್ ಅಂತ ಗುರುತು ಮಾಡಿ, ಎರಡು ಮನೆ ಸೇರಿಸಿ ಒಂದು ಮಾಡುವುದನ್ನು ಆದಷ್ಟು ಬಿಡಿ. ಗಣಿತದವರು ಸೂತ್ರವನ್ನು ಚಿತ್ರವಾಗಿ ಅಂಟಿಸಬೇಡಿ, ಈಕ್ವೇಶನ್ ಸೌಲಭ್ಯದಲ್ಲೇ ಬರೆಯಿರಿ.

ಚಿತ್ರ ಹಾಕಿದರೆ ಅದಕ್ಕೆ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದಲ್ಲಿ ಏನಿದೆ ಅಂತ ಹೇಳುವ ವಿವರ, ಬರೆಯಬೇಕು. ಚಿತ್ರದ ಮೇಲೆ ಬಲಗಡೆ ಕ್ಲಿಕ್ ಮಾಡಿದರೆ ಆ ಆಯ್ಕೆ ಬರುತ್ತದೆ. ನಾನು ಮೊದಲು "ಚಿತ್ರದುರ್ಗದ ಕೋಟೆ" ಅಂತ ಬರೆಯುತ್ತಿದ್ದೆ. ಅದನ್ನು ಓದಿದ ಆ ಹುಡುಗ ಕೇಳಿದ: "ಕೋಟೆಯಲ್ಲಿ ಏನು ತೋರಿಸ್ತಿದ್ದೀರಿ ಮೇಡಂ?" ನಿಜ ಅಲ್ವಾ? ಕೋಟೆ ಅಂತ ಅವನಿಗೂ ಗೊತ್ತು. ನಾನು ಆ ಚಿತ್ರ ಹಾಕಿದ್ದು ಬಾಗಿಲಿನ ರಚನೆ ತೋರಿಸಲು. ಈಗ ಹೀಗೆ ಬರೆಯುತ್ತೇನೆ: "ಕೋಟೆಯ ಬಾಗಿಲಿಗೆ ನೇರ ದಾರಿ ಇಲ್ಲ. ಎತ್ತರದ ಎರಡು ಗೋಡೆಗಳ ನಡುವೆ ದಾರಿ ತಿರುವು ತೆಗೆದುಕೊಳ್ಳುತ್ತದೆ. ಶತ್ರು ಓಡಿ ಬಂದು ಬಾಗಿಲಿಗೆ ಗುದ್ದಲು ಜಾಗವಿಲ್ಲ." ಇದನ್ನು ಬರೆದ ಮೇಲೆ ಕಣ್ಣಿರುವ ಮಕ್ಕಳಿಗೂ ಆ ಚಿತ್ರವನ್ನು ಹೇಗೆ ವಿವರಿಸಬೇಕು ಅಂತ ನನಗೆ ತಿಳಿಯಿತು.

ಸ್ಲೈಡಿಗೆ ಬರೋಣ. ನಾವೆಲ್ಲ ಪಿಪಿಟಿ ಮಾಡುತ್ತೇವೆ. ಖಾಲಿ ಸ್ಲೈಡ್ ತೆಗೆದು ಅದರ ಮೇಲೆ ಟೆಕ್ಸ್ಟ್ ಬಾಕ್ಸ್ ಎಳೆದು ಎಳೆದು ಇಡುವುದು ನಮ್ಮ ಅಭ್ಯಾಸ. ಪವರ್‌ಪಾಯಿಂಟ್‌ನಲ್ಲಿ ವ್ಯೂ ಒಳಗೆ ಔಟ್‌ಲೈನ್ ವ್ಯೂ ಇದೆ, ಒಮ್ಮೆ ಒತ್ತಿ ನೋಡಿ. ಹಾಗೆ ಎಳೆದು ಇಟ್ಟ ಬಾಕ್ಸಿನ ಒಂದು ಅಕ್ಷರವೂ ಅಲ್ಲಿ ಕಾಣುವುದಿಲ್ಲ. ಲೇಔಟಿನಲ್ಲಿ ಮೊದಲೇ ಇರುವ ಶೀರ್ಷಿಕೆಯ ಜಾಗ, ವಿಷಯದ ಜಾಗ ಇವುಗಳಲ್ಲಿ ಬರೆದದ್ದು ಮಾತ್ರ ಕಾಣುತ್ತದೆ. ಪ್ರತಿ ಸ್ಲೈಡಿಗೂ ಶೀರ್ಷಿಕೆ ಇರಲಿ, ಒಂದರ ಹಾಗೆ ಇನ್ನೊಂದು ಬೇಡ. ಇಪ್ಪತ್ತು ಸ್ಲೈಡಿಗೂ "ಮುಂದುವರಿದಿದೆ" ಅಂತ ಇದ್ದರೆ ಹುಡುಕುವವರು ಎಲ್ಲಿಗೆ ಹೋಗಬೇಕು? ಆಮೇಲೆ ಸ್ಲೈಡಿನಲ್ಲಿ ಟ್ಯಾಬ್ ಕೀಲಿ ಒಂದೊಂದೇ ಸಲ ಒತ್ತಿ. ಯಾವುದರ ನಂತರ ಯಾವುದು ಆಯ್ಕೆ ಆಗುತ್ತದೋ ಸ್ಕ್ರೀನ್ ರೀಡರ್ ಓದುವ ಸರದಿ ಅದೇ. ಉತ್ತರ ಮೊದಲು ಬಂದು ಪ್ರಶ್ನೆ ಆಮೇಲೆ ಬರುತ್ತಿದ್ದರೆ ಸರಿಪಡಿಸಿ.

ಬಣ್ಣದ ವಿಷಯ. ಈ ಹಾಲಿನಲ್ಲೇ ನೋಡಿ, ಎಡಗಡೆ ಕಿಟಕಿಯಿಂದ ಬಿಸಿಲು ಬಂದು ಪರದೆ ಅರ್ಧ ಬೆಳ್ಳಗಾಗಿದೆ. ಇಂಥ ಕಡೆ ಬಿಳಿಯ ಮೇಲೆ ಹಳದಿ, ಕೆಂಪಿನ ಮೇಲೆ ನೀಲಿ ಯಾರಿಗೆ ಕಾಣಬೇಕು? ಜಗತ್ತು ಒಪ್ಪಿದ ಒಂದು ಅಳತೆ ಇದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರ ಕಡಿಮೆ ಅಂದರೂ 4.5ಕ್ಕೆ 1 ಇರಬೇಕು. ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು. ಬಿಳಿಯ ಮೇಲೆ ಕಪ್ಪು ಆದರೆ 21ಕ್ಕೆ 1. ಪಾಸಾದವರಿಗೆ ಹಸಿರು, ಫೇಲಾದವರಿಗೆ ಕೆಂಪು ಅಂತ ಬರೀ ಬಣ್ಣ ಹಾಕಬೇಡಿ. ಆ ಎರಡು ಬಣ್ಣ ಬೇರೆ ಬೇರೆ ಅಂತ ತಿಳಿಯದವರು ಇದ್ದಾರೆ. ಪಕ್ಕದಲ್ಲಿ ಬರೆಯಿರಿ. ಇನ್ನು ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆ ಸಾಕಾಗುವ ಗಾತ್ರ, ಸಾಲಿನ ಅಂತರ ನಮಗೆ ಸಾಲುವುದಿಲ್ಲ. ನಾನು 28ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಸ್ಲೈಡಿನಲ್ಲಿ ಜಾಗ ಸಾಲದಿದ್ದರೆ ಮಾತು ಕಡಿಮೆ ಮಾಡುತ್ತೇನೆ.

ಮಾತನಾಡುವಾಗ "ಇಲ್ಲಿ ನೋಡಿ, ಇದು ಹೀಗೆ ಅಲ್ಲಿಗೆ ಹೋಗುತ್ತದೆ" ಅಂತ ಬೆರಳು ತೋರಿಸುತ್ತೇವೆ. ಕಾಣದವರಿಗೆ ಇಲ್ಲಿ ಎಲ್ಲಿ, ಅಲ್ಲಿ ಎಲ್ಲಿ? ಏನಿದೆ ಅಂತ ಬಾಯಲ್ಲಿ ಹೇಳಿ. ವಿಡಿಯೊ ತೋರಿಸಿದರೆ ಕಿವಿ ಕೇಳದವರಿಗೆ ಅಡಿಬರಹ ಬೇಕು. ಹಂಚುವಾಗ ಆರು ಸ್ಲೈಡುಗಳನ್ನು ಒಂದು ಪುಟಕ್ಕೆ ಕುಗ್ಗಿಸಿ ಪಿಡಿಎಫ್ ಮಾಡಬೇಡಿ. ಪಿಪಿಟಿ ಫೈಲನ್ನೇ ಕೊಡಿ, ಜೊತೆಗೆ ಎರಡು ಪುಟದ ವರ್ಡ್ ಟಿಪ್ಪಣಿ. ಸಾಧ್ಯವಾದರೆ ಪಾಠಕ್ಕೆ ಹಿಂದಿನ ದಿನವೇ ಕೊಡಿ. ನೀವು ಪರದೆಯ ಮೇಲೆ ತೋರಿಸುವ ಹೊತ್ತಿಗೆ ಕಣ್ಣು ಕಾಣದ ವಿದ್ಯಾರ್ಥಿ ತನ್ನ ಫೋನಿನಲ್ಲಿ ಅದೇ ಸ್ಲೈಡಿನಲ್ಲಿ ಇರುತ್ತಾನೆ.

ಫೈಲ್ ಮುಗಿದ ಮೇಲೆ ವರ್ಡ್‌ನಲ್ಲೂ ಪವರ್‌ಪಾಯಿಂಟ್‌ನಲ್ಲೂ ರಿವ್ಯೂ ಟ್ಯಾಬಿನಲ್ಲಿ "ಚೆಕ್ ಆಕ್ಸೆಸಿಬಿಲಿಟಿ" ಒತ್ತಿ. ಯಾವ ಚಿತ್ರಕ್ಕೆ ವಿವರ ಇಲ್ಲ, ಯಾವ ಸ್ಲೈಡಿಗೆ ಶೀರ್ಷಿಕೆ ಇಲ್ಲ ಅಂತ ತೋರಿಸುತ್ತದೆ. ಆದರೆ ನೀವು ಬರೆದ ವಿವರ ಸರಿಯೋ ಅಂತ ಅದು ಹೇಳದು. ಅದನ್ನು ಓದುವವರನ್ನೇ ಕೇಳಬೇಕು.

ಇದು ಬರೀ ದಯೆಯ ಮಾತು ಅಂದುಕೊಳ್ಳಬೇಡಿ. 2011ರ ಜನಗಣತಿಯಲ್ಲಿ ದೇಶದಲ್ಲಿ 2.68 ಕೋಟಿ ಜನ ವಿಕಲಚೇತನರು ಅಂತ ಲೆಕ್ಕಕ್ಕೆ ಬಂದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾಹಿತಿಯನ್ನು ಎಲ್ಲರಿಗೂ ಎಟುಕುವ ರೂಪದಲ್ಲಿ ಕೊಡಬೇಕು ಅನ್ನುತ್ತದೆ. 2017ರ ನಿಯಮಗಳಲ್ಲಿ ವೆಬ್‌ಸೈಟಿಗೆ ಹಾಕುವ ದಾಖಲೆಗಳು ಇಪಬ್ ಆಗಿರಬೇಕು, ಇಲ್ಲವೇ ಚಿತ್ರದಿಂದ ಅಕ್ಷರ ಗುರುತಿಸಿದ ಪಿಡಿಎಫ್ ಆಗಿರಬೇಕು ಅಂತ ಬರೆದಿತ್ತು. ಇಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ಆಗಬೇಕು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನೀವು ಚೀಟಿಯಲ್ಲಿ ಬರೆದು ಕೊಟ್ಟ ಎರಡು ಪ್ರಶ್ನೆ ಇವೆ. ಮೊದಲನೆಯದು: ವರ್ಡ್ ಫೈಲ್ ಕೊಟ್ಟರೆ ಯಾರಾದರೂ ತಿದ್ದಿಬಿಟ್ಟರೆ? ತಿದ್ದಬೇಕು ಅನ್ನುವವರು ಪಿಡಿಎಫ್‌ ಅನ್ನೂ ತಿದ್ದುತ್ತಾರೆ. ಸಹಿ ಇರುವ ಪ್ರತಿ ಕಚೇರಿಯಲ್ಲಿ ಇರುತ್ತದೆ, ಸಂಶಯ ಬಂದರೆ ಅದೇ ಕೊನೆಯ ಮಾತು. ಆ ಭಯಕ್ಕೆ ಓದುವ ದಾರಿಯನ್ನೇ ಮುಚ್ಚುವುದು ಸರಿಯಲ್ಲ.

ಎರಡನೆಯದು: ಈಗ ಫೋಟೊದಿಂದಲೇ ಅಕ್ಷರ ಓದುವ ಆಪ್‌ಗಳಿವೆಯಲ್ಲ, ನಾವೇಕೆ ಕಷ್ಟಪಡಬೇಕು? ಇವೆ, ಒಳ್ಳೆಯವೂ ಇವೆ. ಹಳೆಯ ಪುಸ್ತಕಗಳಿಗೆ ನಾನೂ ಬಳಸುತ್ತೇನೆ. ಸ್ಕ್ಯಾನ್ ಮಾಡಿದ ಪುಟವನ್ನು ಗೂಗಲ್ ಡ್ರೈವಿಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರ ಬರುತ್ತದೆ. ಆದರೆ ಪ ಇದ್ದದ್ದು ಷ ಆಗಬಹುದು, ಘ ಇದ್ದದ್ದು ಫ ಆಗಬಹುದು. ಅಂಕಿ ತಪ್ಪಿದರೆ ಗೊತ್ತೇ ಆಗುವುದಿಲ್ಲ. ಕಣ್ಣಿರುವವರು ಒಮ್ಮೆ ಮೂಲದ ಜೊತೆ ಇಟ್ಟು ತಿದ್ದಬೇಕು. ಹೊಸದಾಗಿ ಟೈಪ್ ಮಾಡಿದ ಪತ್ರವನ್ನು ನಾವೇ ಫೋಟೊ ಮಾಡಿ, ಅದರಿಂದ ಅಕ್ಷರ ಬಿಡಿಸಿಕೋ ಅಂತ ಓದುವವನ ತಲೆಗೆ ಕಟ್ಟುವುದು ಯಾಕೆ?

ಆ ಹುಡುಗನ ನೋಟ್ಸಿನ ಕಥೆ ಪೂರ್ತಿ ಮಾಡಿಬಿಡುತ್ತೇನೆ. ಡಿಟಿಪಿ ಅಂಗಡಿಯ ಫೈಲನ್ನು ಯೂನಿಕೋಡಿಗೆ ಬದಲಿಸಿ, ಹೆಡ್ಡಿಂಗ್ ಹಾಕಿ, ಚಿತ್ರಗಳಿಗೆ ವಿವರ ಬರೆದು ಕಳಿಸಲು ನನಗೆ ಒಂದು ಭಾನುವಾರ ಪೂರ್ತಿ ಬೇಕಾಯಿತು. ಬುಧವಾರ ಅವನು ಮತ್ತೆ ಸ್ಟಾಫ್ ರೂಮಿಗೆ ಬಂದ. ಮತ್ತೆ ಏನೋ ಓದುತ್ತಿಲ್ಲ ಅಂದುಕೊಂಡೆ.

"ಎಲ್ಲ ಓದಿದೆ ಮೇಡಂ. ಹೈದರಾಲಿ ಚಿತ್ರದುರ್ಗ ಗೆದ್ದದ್ದು 1779 ಅಲ್ವಾ? ನೋಟ್ಸಿನಲ್ಲಿ 1799 ಅಂತ ಇದೆ. ಅದು ಶ್ರೀರಂಗಪಟ್ಟಣ ಬಿದ್ದ ವರ್ಷ."

ನಾನು ಫೈಲ್ ತೆರೆದು ನೋಡಿದೆ. ಹೌದು. ಮೂರು ವರ್ಷದಿಂದ ಅದೇ ನೋಟ್ಸ್ ಕೊಡುತ್ತಿದ್ದೆ. ಅವನ ಎದುರಿಗೇ ತಿದ್ದಿ, ಎಲ್ಲರಿಗೂ ಮತ್ತೆ ಕಳಿಸಿದೆ.